ಪಾಚಿ ಡೀಸೆಲ್‌ಗೆ ಸಾಲ ಮಾಡೋ ಮುಂಚೆ ಒಂದು ಟ್ಯಾಂಕರ್ ಲೆಕ್ಕ ಹಾಕಿ



ಹೋದ ವಾರ ಕುಳಗೇರಿ ಕ್ರಾಸ್‌ನಲ್ಲಿ ಬಾದಾಮಿ ಬಸ್ಸಿಗೆ ಕಾಯ್ತಾ ಚಹಾ ಕುಡೀತಿದ್ದೆ. ನಮ್ಮ ಪಕ್ಕದ ಹೊಲದ ಹುಡುಗ ಬಂದು ಫೋನ್ ಮುಂದೆ ಹಿಡಿದ. ಡಿಪ್ಲೊಮಾ ಮುಗಿಸಿ, ಊರು ಬಿಟ್ಟು ಹೋಗದೆ ಎರಡು ವರ್ಷದಿಂದ ಒಕ್ಕಲುತನ ಮಾಡ್ತಿರೋ ಹುಡುಗ. ಒಳ್ಳೆ ದುಡಿಮೆಗಾರ.

"ಕಾಕಾ, ಇದ ನೋಡ್ರಿ. ಸಮುದ್ರದಾಗಿನ ಪಾಚಿಯಿಂದ ಡೀಸೆಲ್ ತಗೀತಾರಂತ. ಎಣ್ಣೆಕಾಳಿಗಿಂತ ಮೂವತ್ತು ಪಟ್ಟು ಎಣ್ಣಿ ಬರತೈತಂತ. ನಮ್ಮ ಹೊಲದಾಗ ಟ್ಯಾಂಕ್ ಕಟ್ಟಿ ಉಪ್ಪುನೀರು ತುಂಬಿ ಬೆಳಸಬಹುದಂತ. ಬೀಜದ ಪಾಚಿ ಅವರ ಕೊಡ್ತಾರ, ಬೆಳದದ್ದನ್ನ ಅವರ ಕೊಳ್ತಾರ."

ಎಷ್ಟು ಖರ್ಚು ಅಂತ ಕೇಳಿದೆ. ಮೂರು ಲಕ್ಷ. ಹೊಲದ ಮೇಲೆ ಸಾಲ ತೆಗೆಯೋ ವಿಚಾರ.

ಅವನಿಗೆ ಅಲ್ಲೇ ಹೇಳಿದ ಮಾತನ್ನೇ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ನನ್ನ ಅಭಿಪ್ರಾಯ ನೇರವಾಗಿ ಇಷ್ಟು: ಪಾಚಿಯಿಂದ ಇಂಧನ ತೆಗೆಯೋದು ಸುಳ್ಳಲ್ಲ. ಆದರೆ ಅದು ರೈತನ ಸಾಲದ ದುಡ್ಡಿನಲ್ಲಿ ಮಾಡೋ ಪ್ರಯೋಗ ಅಲ್ಲವೇ ಅಲ್ಲ.

ವಿಜ್ಞಾನ ನಿಜ

ಗುಜರಾತಿನ ಭಾವನಗರದಲ್ಲಿ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಸಮುದ್ರದ ಸೂಕ್ಷ್ಮ ಪಾಚಿಯಿಂದ ಬಯೋಡೀಸೆಲ್ ತೆಗೆದು, 2012ರ ಹೊತ್ತಿಗೆ ಅದರಲ್ಲಿ ಗಾಡಿ ಓಡಿಸಿ ತೋರಿಸಿದ್ರು. ಅಮೆರಿಕದ ನಾಸಾ ಕೂಡ ಅದೇ ಸುಮಾರಿಗೆ ಒಂದು ಪ್ರಯೋಗ ಮಾಡಿತ್ತು. ಊರಿನ ಚರಂಡಿ ನೀರನ್ನು ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಕಡಲ ನೀರಿನ ಮೇಲೆ ತೇಲಿಬಿಟ್ಟು, ಒಳಗೆ ಸಿಹಿನೀರಿನ ಪಾಚಿ ಬೆಳೆಸೋದು. ಅಲೆಗಳೇ ಚೀಲ ಕಲಕುತ್ತವೆ, ಕಡಲ ನೀರೇ ತಂಪು ಕೊಡುತ್ತೆ. ಚೀಲ ಒಡೆದರೆ ಉಪ್ಪಿಗೆ ಆ ಪಾಚಿ ಸಾಯುತ್ತೆ, ಹೊರಗೆ ಹರಡಲ್ಲ. ಜಾಣತನದ ಯೋಚನೆಯೇ. ಆದರೆ ಪ್ರಯೋಗದ ಹಂತ ದಾಟಿ ಯಾರ ಗಾಡಿಯ ಟ್ಯಾಂಕಿಗೂ ಬರಲಿಲ್ಲ.

ದುಡ್ಡಿಲ್ಲದೆ ನಿಂತದ್ದೂ ಅಲ್ಲ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನದ ಸಂಶೋಧನೆ ನಡೆಸಿ, ಕಲ್ಲೆಣ್ಣೆಯ ರೇಟಿಗೆ ಇದು ಸಾಟಿ ಆಗಲ್ಲ ಅಂತ ನಿಲ್ಲಿಸಿತು. ಎಕ್ಸಾನ್ ಮೊಬಿಲ್ ಅನ್ನೋ ದೈತ್ಯ ಎಣ್ಣೆ ಕಂಪನಿ 2009ರಲ್ಲಿ 60 ಕೋಟಿ ಡಾಲರ್‌ವರೆಗೆ ಹಾಕ್ತೀವಿ ಅಂತ ಘೋಷಿಸಿ, 2023ರ ಹೊತ್ತಿಗೆ ಕೈಬಿಟ್ಟಿತು. ಅಷ್ಟು ದುಡ್ಡು, ಅಷ್ಟು ವಿಜ್ಞಾನಿಗಳು ಇದ್ದವರಿಗೇ ಆಗಲಿಲ್ಲ. ನಮ್ಮ ಮೂರು ಲಕ್ಷಕ್ಕೆ ಆಗುತ್ತಾ?

ಒಂದು ಟ್ಯಾಂಕರ್, ಒಂದು ಲೀಟರ್

ಯಾಕೆ ಆಗಲಿಲ್ಲ ಅನ್ನೋದು ದೊಡ್ಡ ಗುಟ್ಟೇನಲ್ಲ. ನಮ್ಮ ಟ್ರ್ಯಾಕ್ಟರ್ ಹಿಂದೆ ಕಟ್ಟೋ 5,000 ಲೀಟರ್ ಟ್ಯಾಂಕರ್ ನೆನಪು ಮಾಡ್ಕೊಳ್ಳಿ. ತೆರೆದ ತೊಟ್ಟಿಯಲ್ಲಿ ಸೂಕ್ಷ್ಮ ಪಾಚಿ ಚೆನ್ನಾಗಿ ಬೆಳೆದಾಗ ಒಂದು ಲೀಟರ್ ನೀರಲ್ಲಿ ಅರ್ಧದಿಂದ ಒಂದು ಗ್ರಾಂ ಒಣ ಪಾಚಿ ಇರುತ್ತೆ. ಅಂದ್ರೆ ಪೂರ್ತಿ ಟ್ಯಾಂಕರ್ ಸೋಸಿದರೆ ಹೆಚ್ಚೆಂದರೆ 5 ಕಿಲೋ. ಅದರಲ್ಲಿ ಐದನೇ ಒಂದು ಪಾಲು ಎಣ್ಣೆ ಅಂತ ಹಿಡಿದರೂ ಸಿಗೋದು ಸುಮಾರು ಒಂದು ಲೀಟರ್. ಆ ನೀರನ್ನು ಮತ್ತೆ ಬಳಸಬಹುದು, ನಿಜ. ಆದರೆ ಪ್ರತಿ ಲೀಟರ್ ಎಣ್ಣೆಗೂ ಅಷ್ಟು ನೀರು ಕಲಕಬೇಕು, ಸೋಸಬೇಕು, ಪಾಚಿ ಒಣಗಿಸಬೇಕು, ಎಣ್ಣೆ ಬೇರ್ಪಡಿಸಬೇಕು. ಇದಕ್ಕೆಲ್ಲ ಕರೆಂಟ್ ಬೇಕು. ಒಂದು ಲೀಟರ್ ಡೀಸೆಲ್‌ನ ಬೆಲೆ ಎಷ್ಟು ಅಂತ ನಿಮಗೆ ಗೊತ್ತಿದೆ. ಆ ದುಡ್ಡಲ್ಲಿ ಇಷ್ಟೂ ಕೆಲಸ ಮುಗೀಬೇಕು.

ಇನ್ನೊಂದು ವಿಷಯ ವಿಡಿಯೋದಲ್ಲಿ ಯಾರೂ ಹೇಳಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಲೆಕ್ಕದಲ್ಲಿ ನೀವು ಉಪ್ಪುನೀರು ತಯಾರು ಮಾಡಿದರೆ ಒಂದು ಟ್ಯಾಂಕರಿಗೆ 175 ಕಿಲೋ ಉಪ್ಪು. ತೊಟ್ಟಿ ಕೆಟ್ಟಾಗ, ನೀರು ಬದಲಿಸುವಾಗ ಅದನ್ನು ಎಲ್ಲಿ ಚೆಲ್ತೀರಿ? ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ಹೊಲ ಹೇಗಿರುತ್ತೆ ಅಂತ ನಾವೆಲ್ಲ ನೋಡಿದ್ದೀವಿ. ಎರೆ ಭೂಮಿಗೆ ಒಮ್ಮೆ ಉಪ್ಪು ಇಳಿದರೆ ತೆಗೆಯೋಕೆ ವರ್ಷಗಟ್ಟಲೆ ಬೇಕು. ಸಾಲ ಹೇಗೋ ತೀರಿಸಬಹುದು. ಹೊಲ ಕೆಟ್ಟರೆ ಏನು ಮಾಡೋದು?

ಹಾಗಾದರೆ ಸಮುದ್ರದಲ್ಲೇ ಬೆಳೆದರೆ?

ಹುಡುಗ ಇದನ್ನೂ ಕೇಳಿದ. ಸಮುದ್ರದಲ್ಲಿ ರೈತರು ಬೆಳೆಯೋದು ಈ ಸೂಕ್ಷ್ಮ ಪಾಚಿಯನ್ನಲ್ಲ, ಕಣ್ಣಿಗೆ ಕಾಣೋ ದೊಡ್ಡ ಪಾಚಿಯನ್ನ, ಅಂದ್ರೆ ಕಡಲಕಳೆಯನ್ನ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ, ಮಂಡಪಂ ಸುತ್ತಮುತ್ತ, ಮೀನುಗಾರ ಕುಟುಂಬಗಳು ಬಿದಿರಿನ ತೆಪ್ಪಕ್ಕೆ ಕಪ್ಪಾಫೈಕಸ್ ಅನ್ನೋ ಕಡಲಕಳೆ ಕಟ್ಟಿ ಬೆಳೆಸ್ತಾರೆ. ಸುಮಾರು 45 ದಿನಕ್ಕೆ ಕಟಾವು. ಹೆಣ್ಣುಮಕ್ಕಳ ಸಂಘಗಳು ಇದರಲ್ಲಿ ಬಹಳ ಇವೆ. ಅದರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರೇ.

ನಮ್ಮ ಕಾರವಾರ, ಹೊನ್ನಾವರದ ಕಡೆ ಇದು ಅಷ್ಟು ಸುಲಭ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ತೆಪ್ಪ ನಿಲ್ಲಗೊಡಲ್ಲ. ಕಾಳಿ, ಅಘನಾಶಿನಿ, ಶರಾವತಿಯ ಮಳೆನೀರು ಸೇರಿ ದಡದ ನೀರಿನ ಉಪ್ಪೂ ಇಳಿಯುತ್ತೆ.

ಮುಖ್ಯ ಮಾತು ಬೇರೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆ ಅಂತಲೇ 640 ಕೋಟಿ ರೂಪಾಯಿ ಇಟ್ಟರು. ರಾಮನಾಥಪುರದಲ್ಲಿ 127 ಕೋಟಿಯ ಕಡಲಕಳೆ ಪಾರ್ಕಿಗೆ 2023ರಲ್ಲಿ ಅಡಿಗಲ್ಲು ಬಿತ್ತು. ಆದರೆ ಆ ಮೀನುಗಾರರು ಬೆಳೆದ ಕಡಲಕಳೆ ಹೋಗೋದು ಡೀಸೆಲ್‌ಗಲ್ಲ. ಐಸ್‌ಕ್ರೀಮ್, ಟೂತ್‌ಪೇಸ್ಟ್ ಗಟ್ಟಿ ಮಾಡೋ ಕ್ಯಾರಜೀನನ್‌ಗೆ. ಇನ್ನೊಂದು, ನಮ್ಮ ಊರಿನ ಗೊಬ್ಬರದ ಅಂಗಡಿಯಲ್ಲಿ ಸಿಗೋ ಕಡಲಕಳೆ ದ್ರಾವಣದ ಬಾಟ್ಲಿಗೆ.

ಸಮುದ್ರದ ಪಾಚಿ ಕುಳಗೇರಿ ಕ್ರಾಸ್‌ಗೆ ಬಂದು ಎಷ್ಟೋ ವರ್ಷ ಆಯ್ತು. ಉಳ್ಳಾಗಡ್ಡಿಗೆ, ಮೆಣಸಿನಗಿಡಕ್ಕೆ ನಾವು ಹೊಡೀತಿದ್ದೀವಿ. ಭಾವನಗರದ ಅದೇ ಸಂಸ್ಥೆ ತೋರಿಸಿಕೊಟ್ಟ ದಾರಿ ಇದು: ಹಸಿ ಕಡಲಕಳೆ ಹಿಂಡಿ ಮೊದಲು ರಸ ತೆಗೆ, ಅದು ಬೆಳೆಗೆ. ಉಳಿದದ್ದರಲ್ಲಿ ಕ್ಯಾರಜೀನನ್ ತೆಗೆ. ಕೊನೆಗೆ ಉಳಿದ ಹಿಪ್ಪೆಯಲ್ಲಿ ಬೇಕಾದರೆ ಇಂಧನದ ಮಾತು.

ಇಂಧನ ಅನ್ನೋದು ಬೆಳೆಯ ಕೊನೆಯ ಬೆಲೆ

ನಾನು ಹೇಳೋಕೆ ಹೊರಟಿದ್ದು ಇದೇ. ಯಾವುದೇ ಬೆಳೆ ಊಟಕ್ಕೆ ಹೋದರೆ ಒಂದು ರೇಟು, ಮೇವಿಗೆ ಹೋದರೆ ಒಂದು ರೇಟು, ಔಷಧಿಗೆ ಹೋದರೆ ಇನ್ನೊಂದು. ಸುಡೋಕೆ ಹೋದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ, ಯಾಕಂದ್ರೆ ಅದರ ಪೈಪೋಟಿ ನೆಲದಿಂದ ಬರೋ ಕಲ್ಲೆಣ್ಣೆ ಜೊತೆ.

ಇದನ್ನ ನಾನು ಪುಸ್ತಕ ಓದಿ ಕಲಿತಿಲ್ಲ. 2006ರ ಸುಮಾರಿಗೆ ನಮ್ಮಪ್ಪ ಒಂದು ಎಕರೆ ಮಡ್ಡಿ ಹೊಲಕ್ಕೆ ಜಟ್ರೋಫಾ ಹಚ್ಚಿದ್ರು. ಕಾಡುಹರಳು ಅಂತೀವಲ್ಲ, ಅದೇ. ಆಗ ದೇಶದ ತುಂಬ ಅದೇ ಮಾತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಡೀಸೆಲ್‌ಗೆ ಶೇ. 20 ಬಯೋಡೀಸೆಲ್ ಬೆರೆಸೋ ಗುರಿ ಹೇಳಿತ್ತು. 2006ರಿಂದ ಸರ್ಕಾರ ಬಯೋಡೀಸೆಲ್‌ಗೆ ಲೀಟರಿಗೆ ಇಷ್ಟು ಅಂತ ರೇಟೂ ಗೊತ್ತು ಮಾಡಿತ್ತು. ತಯಾರಿಸೋ ಖರ್ಚೇ ಅದಕ್ಕಿಂತ ಜಾಸ್ತಿ ಇದ್ದದ್ದರಿಂದ ಆ ರೇಟಿಗೆ ಕೊಡೋರು ಸಿಗಲಿಲ್ಲ. ನಮಗೆ ಸಸಿ ಕೊಟ್ಟವರು ಬೀಜ ಕೊಳ್ತೀವಿ ಅಂದಿದ್ರು. ನಾಲ್ಕನೇ ವರ್ಷ ಮೂರು ಚೀಲ ಬೀಜ ಆಯ್ತು, ಅವರ ಫೋನ್ ಬಂದ್ ಆಗಿತ್ತು. ಅಂಗಡಿಯವನು ಹೇಳಿದ ರೇಟು ಬಿಡಿಸಿದ ಆಳಿನ ಕೂಲಿಗೂ ಸಾಲಲಿಲ್ಲ. ಆ ಚೀಲ ಅಟ್ಟದ ಮೇಲೆ ಹುಳ ಬಿದ್ದು ಹೋದ್ವು. ಗಿಡ ಕಿತ್ತು ಹಾಕೋಕೆ ಮತ್ತೆ ಜೆಸಿಬಿ ಬಾಡಿಗೆ. ಅಪ್ಪ ಆ ಹೊಲದ ಕಡೆ ಹೋದಾಗೆಲ್ಲ ಸುಮ್ಮನೆ ನಿಂತು ಬರ್ತಿದ್ರು.

"ಅದು ಹಳೆ ಕಾಲ ಕಾಕಾ, ಈಗ ಎಥನಾಲ್ ಐತಲ್ಲ" ಅಂದ ಹುಡುಗ. ಸರಿ, ಎಥನಾಲ್ ತಗೊಳ್ಳಿ. ಇಲ್ಲಿ ಕೊಳ್ಳೋರು ಇದ್ದಾರೆ, ಫ್ಯಾಕ್ಟರಿ ಇವೆ, 2025ರಲ್ಲಿ ದೇಶ ಪೆಟ್ರೋಲಿಗೆ ಶೇ. 20 ಬೆರೆಸೋ ಮಟ್ಟ ಮುಟ್ಟಿತು. ಅದರಲ್ಲಿ ಗೋವಿನಜೋಳದ ಪಾಲು ದೊಡ್ಡದು. ಆದರೂ ಅದೇ 2025ರ ನವೆಂಬರ್‌ನಲ್ಲಿ ಏನಾಯ್ತು? ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಎರಡು ಸಾವಿರಕ್ಕೂ ಕೆಳಗೆ. ಪಕ್ಕದ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗೆ ಇಳಿದ್ರು. ಗೋವಿನಜೋಳ ಬೆಳೆದವರಿಗೆ ಒಂದು ಸಮಾಧಾನ ಇತ್ತು: ಎಥನಾಲ್ ಬಿಟ್ಟರೆ ಕೋಳಿ ಆಹಾರ, ಅದೂ ಬಿಟ್ಟರೆ ನಮ್ಮ ಎಮ್ಮೆ. ತೊಟ್ಟಿಯ ಪಾಚಿ ಯಾರೂ ಕೊಳ್ಳದಿದ್ದರೆ ಏನು ಮಾಡ್ತೀರಿ?

ದುಡ್ಡು ಹಾಕೋ ಮುಂಚೆ ಮೂರು ಪ್ರಶ್ನೆ

ಪಾಚಿ ಅಂತಲ್ಲ, ಯಾವ ಹೊಸ ಬೆಳೆಯ ವಿಡಿಯೋ ಬಂದರೂ ಇವನ್ನ ಕೇಳಿ.

1. ಯಾರು ಕೊಳ್ತಾರೆ, ಯಾವ ರೇಟಿಗೆ? ಕಾಗದದ ಮೇಲೆ ಬರೆದು ಕೊಡ್ಲಿ. ಬೀಜ ಮಾರೋನೇ ಮಾಲು ಕೊಳ್ಳೋನೂ ಆಗಿದ್ದರೆ, ಎರಡು ವರ್ಷದಿಂದ ಅವನಿಂದ ದುಡ್ಡು ಪಡೆದ ಒಬ್ಬ ರೈತನ ಮನೆಗೆ ಹೋಗಿ ಪಾಸ್‌ಬುಕ್ ನೋಡಿ. ಫೋನಲ್ಲಿ ಮಾತಾಡಿಸಿದರೆ ಸಾಲದು.

2. ಮಾಲಿನಲ್ಲಿ ನೀರು ಎಷ್ಟು? ಒಣಗಿಸೋ, ಸಾಗಿಸೋ ಖರ್ಚು ಯಾರದು?

3. ಇಂಧನಕ್ಕೆ ಹೋಗದಿದ್ದರೆ ಅದು ಬೇರೆ ಯಾವುದಕ್ಕೆ ಮಾರಾಟ ಆಗುತ್ತೆ? ಏನಕ್ಕೂ ಇಲ್ಲ ಅಂದ್ರೆ ಅಲ್ಲೇ ಬಿಟ್ಟುಬಿಡಿ.

ಇನ್ನು ಕಡಲಕಳೆ ಬಾಟ್ಲಿ ಬಗ್ಗೆ. ಅದೂ ಕಣ್ಣು ಮುಚ್ಚಿ ಕೊಳ್ಳೋದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಬೆಳೆ ಪ್ರಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ ತಂದಿತು. ಅದಕ್ಕೂ ಮುಂಚೆ ಸಾವಿರಾರು ಹೆಸರಿನ ಬಾಟ್ಲಿ ಯಾವ ಪರೀಕ್ಷೆಯೂ ಇಲ್ಲದೆ ಮಾರಾಟ ಆಗ್ತಿದ್ವು. ಈಗ ಲೇಬಲ್ ಮೇಲೆ ಏನಿದೆ, ಎಷ್ಟಿದೆ, ಯಾವ ಬೆಳೆಗೆ, ಎಷ್ಟು ಪ್ರಮಾಣ, ಬ್ಯಾಚ್ ನಂಬರ್ ಎಲ್ಲ ನೋಡಿ, ಬಿಲ್ ಕೇಳಿ ತಗೊಳ್ಳಿ. ಇದು ಗೊಬ್ಬರದ ಬದಲಿ ಅಲ್ಲ, ಯೂರಿಯಾ ಡಿಎಪಿ ಕೆಲಸ ಇದು ಮಾಡಲ್ಲ. ಹೊಡೆಯುವಾಗ ಹೊಲದ ನಡುವೆ ನಾಲ್ಕು ಸಾಲು ಬರೀ ನೀರು ಹೊಡೆದು ಬಿಡಿ. ಕಟಾವಿನಲ್ಲಿ ಆ ನಾಲ್ಕು ಸಾಲು, ಔಷಧ ಹೊಡೆದ ನಾಲ್ಕು ಸಾಲು ಬೇರೆ ಬೇರೆ ತೂಕ ಹಾಕಿ. ಖರ್ಚು ಹೊರಟಿದ್ದರೆ ಮುಂದಿನ ಸಲ ತಗೊಳ್ಳಿ, ಇಲ್ಲಾಂದ್ರೆ ಬಿಡಿ. ನಿಮ್ಮ ಹೊಲದ ತೂಕಕ್ಕಿಂತ ದೊಡ್ಡ ಸಾಕ್ಷಿ ಯಾವ ವಿಡಿಯೋದಲ್ಲೂ ಇಲ್ಲ.

ನಾಳೆ ಪಾಚಿ ಇಂಧನ ಅಗ್ಗ ಆಗಬಾರದು ಅಂತೇನಿಲ್ಲ. ಆಗ್ಲಿ, ಸಂತೋಷ. ಸಂಶೋಧನೆ ನಡೀಲಿ, ಅದು ಸರ್ಕಾರದ್ದು, ದೊಡ್ಡ ಕಂಪನಿಗಳದ್ದು ಕೆಲಸ. ಅದು ನಿಜವಾಗಿ ಲಾಭ ಕೊಡೋ ದಿನ ಬಂದರೆ ನಮ್ಮ ಮನೆ ಬಾಗಿಲಿಗೆ ಬ್ಯಾಂಕಿನವರೇ ಬರ್ತಾರೆ, ನಾವು ಓಡಬೇಕಾಗಿಲ್ಲ.

ಹುಡುಗ ಆ ಕಂಪನಿಯವರಿಗೆ ಅಲ್ಲೇ ಮೆಸೇಜ್ ಹಾಕಿದ: "ಕೊಳ್ಳುವ ರೇಟು ಬರೆದು ಕಳಿಸಿ." ಎರಡು ನೀಲಿ ಗೆರೆ ಬಿದ್ದವು. ಇದನ್ನ ಬರೆಯೋ ಹೊತ್ತಿಗೆ ಎಂಟು ದಿನ ಆಯ್ತು, ಉತ್ತರ ಬಂದಿಲ್ಲ. ಸಾಲದ ಅರ್ಜಿ ಅವನ ಬೈಕಿನ ಡಿಕ್ಕಿಯಲ್ಲೇ ಇದೆ.