ರತ್ನಾಕರನ ಕತೆ ಈಗ ಸಿನಿಮಾ ಆದೀತೇ?

ಮೂಡುಬಿದಿರೆಯ ರತ್ನಾಕರವರ್ಣಿ 1557ರ ಸುಮಾರಿಗೆ ‘ಭರತೇಶ ವೈಭವ’ ಬರೆದ ಜೈನ ಕವಿ. ಕಾರ್ಕಳದ ಭೈರರಸನ ಮಗಳು ಅವನಿಗೆ ಮನಸೋತಳು. ವಾಯುಗಳನ್ನು ವಶಮಾಡಿಕೊಂಡಿದ್ದ ಅವನು ಯೋಗಬಲದಿಂದಲೇ ಉಪ್ಪರಿಗೆಯೇರಿ ಅವಳನ್ನು ಸೇರುತ್ತಿದ್ದ. ಗುಟ್ಟು ರಟ್ಟಾದಾಗ ದೀಕ್ಷೆ ಪಡೆದು ಪಾರಾದ. ತನ್ನ ಕಾವ್ಯವನ್ನು ಆನೆಯ ಮೇಲೆ ಮೆರೆಸಲು ಗುರುಗಳು ಒಪ್ಪದಿದ್ದಾಗ ಮುನಿದು ವೀರಶೈವನಾದ, ಆಮೇಲೆ ಮರಳಿ ಬಂದ. ಈ ಐತಿಹ್ಯವನ್ನು ‘ರಾಜಾವಳೀ ಕಥೆ’ಯಲ್ಲಿ ಬರೆದಿಟ್ಟ ದೇವಚಂದ್ರನೂ ಜೈನನೇ. ಅವನಿಗೇನೂ ಮುಜುಗರವಾಗಲಿಲ್ಲ.

ಇಂದು ಯಾರಾದರೂ ಇದನ್ನು ತೆರೆಗೆ ತರಲಿ, ನೋಡೋಣ. ಮುಹೂರ್ತದ ಕಾಯಿ ಒಡೆಯುವ ಮೊದಲೇ ಜೈನರು, ವೀರಶೈವರು ಎರಡೂ ಕಡೆಯಿಂದ ಮನವಿಪತ್ರಗಳು ಜಿಲ್ಲಾಧಿಕಾರಿಯ ಮೇಜಿಗೆ ಬರುತ್ತವೆ. ಜಾಯಸಿ 1540ರಲ್ಲಿ ಬರೆದ ಪ್ರೇಮಕಾವ್ಯ ‘ಪದ್ಮಾವತ್’ ಆಗಿ ತೆರೆಗೆ ಬರುವಾಗ ಆದದ್ದನ್ನು ಕಂಡಿದ್ದೇವೆ. ಜೈಪುರದ ಸೆಟ್ಟಿನಲ್ಲಿ ನಿರ್ದೇಶಕರ ಮೇಲೆ ಕೈಮಾಡಿದರು. ನಮ್ಮ ಕುಂದಾಪುರ ಸೀಮೆಯ ಪಡುಕೋಣೆಯ ಹೆಸರು ಹೊತ್ತ ನಟಿಯ ತಲೆಗೆ ಬೆಲೆ ಕಟ್ಟಿದರು. ಸುಪ್ರೀಂ ಕೋರ್ಟ್ ನಡುವೆ ಬಂದ ಮೇಲೆಯೇ 2018ರ ಜನವರಿಯಲ್ಲಿ ಚಿತ್ರ ಬಿಡುಗಡೆಯಾಯಿತು. ಆ ಕೋಪ ಉತ್ತರದವರದು ಎಂದು ಸುಮ್ಮನಿದ್ದೆವು. ಈಗ ಅದು ಇಲ್ಲಿಯೂ ಬೇರುಬಿಟ್ಟಿದೆ.

ನಿರ್ಮಾಪಕರೂ ಜಾಣರು. ಪ್ರೇಮಕತೆಯಲ್ಲಿ ಅಪಾಯವಿದೆ, ಕತ್ತಿಯಲ್ಲೂ ಭಕ್ತಿಯಲ್ಲೂ ಇಲ್ಲ. ‘ಕಾಂತಾರ: ಅಧ್ಯಾಯ 1’ರಲ್ಲಿ ರಾಜಕುಮಾರಿಯ ಒಲವಿಗೂ ಜಾಗವಿತ್ತು, ಆದರೆ ಥಿಯೇಟರಿನಿಂದ ಹೊರಬಂದವರ ಮೈಮೇಲಿದ್ದದ್ದು ದೈವದ ಆವೇಶ. ದೈವದ ವೇಷ ಹಾಕಿ ಕುಣಿಯಬೇಡಿ ಎಂದು 2025ರ ಅಕ್ಟೋಬರಿನಲ್ಲಿ ನಿರ್ಮಾಣ ಸಂಸ್ಥೆಯೇ ಕೈಮುಗಿಯಬೇಕಾಯಿತು. ಪ್ರೇಕ್ಷಕ ಒಂದೋ ಭಕ್ತನಾಗುತ್ತಾನೆ, ಇಲ್ಲವೇ ದೂರುದಾರನಾಗುತ್ತಾನೆ. ಕೂತು ನೋಡುವವ ಎಲ್ಲಿ ಹೋದ?

ಅವನು ಇಲ್ಲಿಯೇ ಇದ್ದ. ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳು ಕಥನಗೀತೆ, ಸಿರಿ ಪಾಡ್ದನ, 15,683 ಸಾಲು. ಸೂಳೆಯ ಮನೆಗೆ ಹೋಗಿಬಂದ ಗಂಡನನ್ನು ಸಿರಿ ತೊರೆದು, ಇನ್ನೊಬ್ಬನ ಕೈಹಿಡಿಯುತ್ತಾಳೆ. ಅದನ್ನು ಕೇಳಿದ ತುಳುವರು ಅವಳಿಗೆ ಕೈಮುಗಿದರೇ ಹೊರತು ಕಲ್ಲು ಹೊಡೆಯಲಿಲ್ಲ. ಕನ್ಯಾನ, ವಿಟ್ಲ, ಪೆರ್ಲದ ತಾಳಮದ್ದಳೆಗಳಲ್ಲಿ ವಾಲಿಯ ಅರ್ಥಧಾರಿ ರಾಮನನ್ನು ಕಟಕಟೆಗೆ ನಿಲ್ಲಿಸಿದಾಗ ಚಪ್ಪಾಳೆ ತಟ್ಟಿದವರು ರಾಮಭಕ್ತರೇ.

ಸಿನಿಮಾಕ್ಕೆ ಕೋಟಿಗಟ್ಟಲೆ ಬೇಕು, ಧೈರ್ಯವೂ ಬೇಕು. ತಾಳಮದ್ದಳೆಗೆ ಒಂದು ಚೆಂಡೆ, ಒಂದು ಮದ್ದಳೆ, ಒಬ್ಬ ಭಾಗವತ, ನಾಲ್ವರು ಅರ್ಥಧಾರಿಗಳು ಸಾಕು. ಕನ್ಯಾನದ ಯಾವುದಾದರೂ ಕಲಾಸಂಘ ಈ ಮಳೆಗಾಲದಲ್ಲಿ ರತ್ನಾಕರನ ಪ್ರಸಂಗ ಬರೆಸಲಿ. ಆನೆ ಮೆರವಣಿಗೆಯ ಜಗಳದಲ್ಲಿ ಗುರುವಿನ ವಾದಕ್ಕೂ ಕವಿಯ ವಾದಕ್ಕೂ ಸಮ ಹೊತ್ತು ಕೊಡಲಿ. ಸಿನಿಮಾದವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ.