ಸೋಸುವ ಕೆಲಸ ಯಾರದು?



'ಎ' ಪ್ರಮಾಣಪತ್ರದ ಸಿನಿಮಾಕ್ಕೆ 18 ತುಂಬದವರನ್ನು ಒಳಗೆ ಬಿಟ್ಟರೆ, 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ತಪ್ಪಿತಸ್ಥ ಪ್ರದರ್ಶಕ. ಮಗುವೂ ಅಲ್ಲ, ತಾಯಿಯೂ ಅಲ್ಲ. ಎರಡು ತಲೆಮಾರು ಒಪ್ಪಿಕೊಂಡು ಬಂದ ನ್ಯಾಯವಿದು. ಅಂಥದ್ದೇ ದೃಶ್ಯ ಮೊಬೈಲಿನ ಮೂಲಕ ಮಗುವಿನ ಕಣ್ಣಿಗೆ ಬಿದ್ದಾಗ ಮಾತ್ರ ನಾವೆಲ್ಲ ತಾಯಿಯತ್ತ ತಿರುಗಿ, "ಫೋನ್ ಯಾಕಮ್ಮಾ ಕೊಟ್ಟೆ?" ಎಂದು ಕೇಳುತ್ತೇವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿ ಫೋನ್ ಕೊಡಿಸಿ ಎಂದವರು ನಾವೇ ಅಲ್ಲವೇ?

ಕಾನೂನು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ಕಾರ್ಯಕ್ರಮಗಳಿಗೆ 7, 13, 16 ವರ್ಷ ಮೇಲ್ಪಟ್ಟವರು ಹಾಗೂ ವಯಸ್ಕರು ಎಂಬ ದರ್ಜೆಗಳನ್ನು ಕಡ್ಡಾಯ ಮಾಡಿವೆ. 13ರ ದರ್ಜೆಯಿಂದ ಮೇಲಕ್ಕೆ ಪೋಷಕರ ಬೀಗ ಇರಬೇಕು. ವಯಸ್ಕರ ದರ್ಜೆಗೆ ವಯಸ್ಸಿನ ಪರಿಶೀಲನೆ ಬೇಕು. 2023ರ ತಿದ್ದುಪಡಿ ಸಿನಿಮಾಗಳಿಗೂ ಇದೇ ವಯೋಮಿತಿಗಳನ್ನು ತಂದಿತು. ಆದರೆ ನಮ್ಮ ಮಕ್ಕಳು ಹೆಚ್ಚಾಗಿ ನೋಡುವುದು ಒಂದು ನಿಮಿಷದ ರೀಲ್ಸ್ ಮತ್ತು ಶಾರ್ಟ್ಸ್‌ಗಳನ್ನು. ಯಾರೋ ಹಾಕುವ ಆ ತುಣುಕುಗಳಿಗೆ ಈ ದರ್ಜೆಯ ಹಂಗಿಲ್ಲ. ಮಗು ಹುಡುಕಿಕೊಂಡು ಹೋಗಬೇಕೆಂದೂ ಇಲ್ಲ. ಒಂದು ಮುಗಿಯುವಷ್ಟರಲ್ಲಿ ಮುಂದಿನದನ್ನು ಯಂತ್ರವೇ ಆರಿಸಿ ಬಡಿಸುತ್ತದೆ.

ಸರ್ಕಾರಿ ಎಂಜಿನಿಯರಾಗಿದ್ದ ನನಗೆ ಇದು ಕುಡಿಯುವ ನೀರಿನ ಲೆಕ್ಕದಂತೆ ಕಾಣುತ್ತದೆ. ನದಿಯ ನೀರನ್ನು ಹಾಗೆಯೇ ಪೈಪಿಗೆ ಬಿಟ್ಟು, ಸೋಸಿಕೊಳ್ಳುವುದು ನಿಮ್ಮ ಜವಾಬ್ದಾರಿ ಎಂದು ಯಾವ ಊರಿಗೂ ಹೇಳುವುದಿಲ್ಲ. ಶುದ್ಧೀಕರಣ ಘಟಕದಲ್ಲೇ ಸೋಸಿ, ಕ್ಲೋರಿನ್ ಬೆರೆಸಿ, ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯೇ ಎಂದು ನೋಡುತ್ತೇವೆ. ಮನೆಯವರ ಪಾಲಿನ ಕೆಲಸ ಕೊಡ ಮುಚ್ಚಿಡುವುದು. ಅದೂ ಮುಖ್ಯವೇ, ಆದರೆ ಘಟಕದ ಕೆಲಸವನ್ನು ಕೊಡ ಮಾಡಲಾರದು.

ಆಸ್ಟ್ರೇಲಿಯಾ 2024ರಲ್ಲಿ ಮಾಡಿದ ಕಾಯಿದೆಯ ಹಿಂದೆ ಇದೇ ತರ್ಕವಿದೆ. 2025ರ ಡಿಸೆಂಬರ್ 10ರಿಂದ ಅಲ್ಲಿ 16 ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಅದನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಡಾಲರ್‌ವರೆಗೆ ದಂಡ. ಮಗುವಿಗಾಗಲಿ ಪೋಷಕರಿಗಾಗಲಿ ಶಿಕ್ಷೆಯಿಲ್ಲ. ಆದರೂ ಖಾತೆಯಿಲ್ಲದೆ ನೋಡಬಹುದಾದ ವಿಡಿಯೊಗಳು ಅಲ್ಲಿ ಉಳಿದೇ ಇವೆ. ಆದ್ದರಿಂದ ಅದನ್ನು ಹಾಗೆಯೇ ನಕಲು ಮಾಡಿದರೆ ಸಾಲದು.

ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023 ಒಂದು ಒಳ್ಳೆಯ ಅಡಿಪಾಯ ಹಾಕಿದೆ. 18ರೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು. ಅವರ ಚಟುವಟಿಕೆಯ ಬೆನ್ನು ಹತ್ತುವಂತಿಲ್ಲ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡ. ಆದರೆ ಇದು ದತ್ತಾಂಶದ ಕಾನೂನು. ಮಗುವಿನ ಕಣ್ಣ ಮುಂದೆ ಏನು ಬರುತ್ತದೆ ಎಂಬುದು ಇದರ ವಿಷಯವಲ್ಲ.

ಆದ್ದರಿಂದ ಸಂಸತ್ತು ಮೂರು ಕೆಲಸ ಮಾಡಬೇಕೆಂದು ನನ್ನ ಅಭಿಪ್ರಾಯ. ಕಿರುವಿಡಿಯೊಗಳಿಗೂ ವಯಸ್ಸಿನ ದರ್ಜೆ ಅನ್ವಯಿಸಬೇಕು. ವಯಸ್ಸು ಖಚಿತವಾಗದ ಫೋನಿನಲ್ಲಿ ತಾನಾಗಿಯೇ ಮುಂದಿನದು ಓಡುವ ವ್ಯವಸ್ಥೆ ಮೊದಲಿನಿಂದಲೇ ಬಂದ್ ಆಗಿರಬೇಕು. ಇವುಗಳ ಹೊಣೆ ಕಂಪನಿಯದಾಗಿರಬೇಕು. ಅದಕ್ಕೆಂದು ಪ್ರತಿ ಮಗುವಿನ ಆಧಾರ್ ಕೂಡಿಡಲು ಅವಕಾಶ ಕೊಡಬಾರದು.

ಜೊತೆಗೊಂದು ಎಚ್ಚರಿಕೆ. ಲೈಂಗಿಕ ದೃಶ್ಯ, ಕ್ರೂರ ಹಿಂಸೆ, ಜೂಜು, ಆತ್ಮಹತ್ಯೆಗೆ ಪ್ರಚೋದನೆ ಎಂದು ನಿಷಿದ್ಧವಾದದ್ದನ್ನು ಕಾನೂನು ಸ್ಪಷ್ಟವಾಗಿ ಹೆಸರಿಸಬೇಕು. 'ಮಕ್ಕಳಿಗೆ ತಕ್ಕುದಲ್ಲ' ಎಂಬ ಸಡಿಲ ಮಾತು ಬಿಟ್ಟರೆ, ನಾಳೆ ಜಾತಿಯನ್ನು ಪ್ರಶ್ನಿಸುವ ಮಾತೂ, ಹೆಣ್ಣುಮಕ್ಕಳ ಆರೋಗ್ಯದ ಪಾಠವೂ ಆ ಪಟ್ಟಿಗೆ ಸೇರಬಹುದು. ಪ್ರಶ್ನೆ ಕೇಳುವ ಮಕ್ಕಳೇ ನಮಗೆ ಬೇಕಾದವರು.

ನಿಮ್ಮ ಸಂಸದರು ಮಠಕ್ಕೆ, ಮದುವೆಗೆ, ಜಾತ್ರೆಗೆ ಬಂದಾಗ ರಸ್ತೆ, ನೀರಿನ ಮನವಿಯ ಜೊತೆಗೆ ಇದನ್ನೂ ಬರೆದು ಕೈಗೆ ಕೊಡಿ. ಕಾನೂನು ಬರುವವರೆಗೆ ನಮ್ಮ ಮಠಗಳ ಶಾಲೆ, ಪ್ರಸಾದನಿಲಯಗಳು ಮನೆಪಾಠವನ್ನು ವಾಟ್ಸಾಪಿನಲ್ಲಿ ಕಳಿಸುವುದನ್ನು ಬಿಟ್ಟು, ಮತ್ತೆ ಡೈರಿಯಲ್ಲಿ ಬರೆಸಲಿ. ಅಷ್ಟಕ್ಕೆ ಯಾವ ಶಾಸನವೂ ಬೇಕಿಲ್ಲ.