ದುಡಿಯುತ್ತಾ ಕಲಿಯುವವರಿಗೆ ಸಂಘಗಳು ಆಸರೆಯಾಗಲಿ

ಹೊರನಾಡಿನಲ್ಲಿ ಕನ್ನಡಿಗರು ನೆಲೆಯೂರಿದ ಚರಿತ್ರೆಯಲ್ಲಿ ರಾತ್ರಿ ಶಾಲೆಗಳಿಗೆ ವಿಶೇಷ ಸ್ಥಾನವಿದೆ. ಮುಂಬಯಿಯಲ್ಲಿ ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದ ಹುಡುಗರು ಮುಂದೆ ಬ್ಯಾಂಕ್ ನೌಕರರಾದರು, ವಕೀಲರಾದರು, ಉದ್ಯಮಿಗಳಾದರು. ಇಂದು ನಾಸಿಕ್‌ನ ಸಾತಪುರ, ಅಂಬಡ್ ಮತ್ತು ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶಗಳ ಕಚೇರಿಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ತರುಣ ತರುಣಿಯರೂ ಅದೇ ಹಾದಿಯಲ್ಲಿದ್ದಾರೆ. ವ್ಯತ್ಯಾಸವೆಂದರೆ ಅಂದಿನವರಿಗೆ ಬೇಕಾಗಿದ್ದುದು ಮೆಟ್ರಿಕ್ ಸರ್ಟಿಫಿಕೇಟ್. ಇಂದಿನವರಿಗೆ ಬೇಕಾಗಿರುವುದು ‘ಕ್ರೆಡಿಟ್’.

ಬಿ.ಕಾಂ. ಮುಗಿಸಿ ನೌಕರಿ ಹಿಡಿದವರಿಗೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ಆಸೆ ಸಹಜ. ಆದರೆ ಅದಕ್ಕೆ ಆರ್ಟಿಕಲ್‌ಶಿಪ್ ಕಡ್ಡಾಯ. 2023ರಲ್ಲಿ ಅದನ್ನು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಸಲಾಗಿದೆಯಾದರೂ ಸಂಬಳದ ಕೆಲಸ ಬಿಟ್ಟು ಆ ತರಬೇತಿಗೆ ಹೋಗುವುದು ಮನೆಯ ಭಾರ ಹೊತ್ತವರಿಗೆ ಕಷ್ಟ. ಹೀಗಾಗಿ ಅನೇಕರ ಕಣ್ಣು ಅಮೆರಿಕದ ಸಿಪಿಎ ಪರೀಕ್ಷೆಯ ಮೇಲೆ ಬಿದ್ದಿದೆ. 2020ರಲ್ಲಿ ಮುಂಬಯಿ, ಬೆಂಗಳೂರು ಸೇರಿದಂತೆ ನಮ್ಮ ದೇಶದ ನಗರಗಳಲ್ಲಿಯೇ ಈ ಪರೀಕ್ಷೆ ಬರೆಯುವ ಅವಕಾಶ ದೊರೆತ ಮೇಲೆ ಈ ಒಲವು ಹೆಚ್ಚಿದೆ. ಇದು ಸಂತೋಷದ ವಿಷಯವೇ. ಆದರೆ ಹಣ ಕಟ್ಟುವ ಮೊದಲು ತಿಳಿಯಬೇಕಾದ ಕೆಲವು ಸಂಗತಿಗಳಿವೆ.

ಅಮೆರಿಕದಲ್ಲಿ ಕಾಲೇಜಿನ ಒಂದು ವರ್ಷದ ಓದಿಗೆ ಸಾಮಾನ್ಯವಾಗಿ 30 ಕ್ರೆಡಿಟ್. ಅಲ್ಲಿನ ಪದವಿ ನಾಲ್ಕು ವರ್ಷದ್ದು, ಅಂದರೆ 120. ಹಲವು ರಾಜ್ಯಗಳಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಲು 120 ಸಾಕು. ಲೈಸೆನ್ಸ್ ಪಡೆಯಲು ಬಹುಕಾಲದಿಂದ 150 ಬೇಕೆಂಬ ನಿಯಮವಿದೆ. ನಮ್ಮ ಮೂರು ವರ್ಷದ ಬಿ.ಕಾಂ. ಅನ್ನು ಸಾಮಾನ್ಯವಾಗಿ 90 ಎಂದು ಎಣಿಸುತ್ತಾರೆ. ಅಂದರೆ ಪರೀಕ್ಷೆಗೇ 30 ಕಡಿಮೆ, ಲೈಸೆನ್ಸಿಗೆ 60 ಕಡಿಮೆ.

ಇಲ್ಲಿಯೇ ಅನೇಕರು ಎಡವುವುದು. ಹೊಸ ಶಿಕ್ಷಣ ನೀತಿಯಂತೆ ಯುಜಿಸಿ 2022ರಲ್ಲಿ ರೂಪಿಸಿದ ಚೌಕಟ್ಟಿನಲ್ಲಿ ನಮ್ಮ ಮೂರು ವರ್ಷದ ಪದವಿಗೂ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ಅಂಕಪಟ್ಟಿಯಲ್ಲಿ 120 ಎಂದು ಕಂಡ ಕೂಡಲೇ ಅರ್ಹತೆ ಬಂತೆಂದು ಭಾವಿಸಬಾರದು. ಸಂಖ್ಯೆ ಒಂದೇ, ಅಳತೆ ಬೇರೆ. ಸೇರಿನ ಲೆಕ್ಕವನ್ನು ಕಿಲೋ ಲೆಕ್ಕವೆಂದು ತಿಳಿದು ವ್ಯಾಪಾರ ಮಾಡಿದಂತಾದೀತು.

2025ರ ಜನವರಿಯಲ್ಲಿ ಓಹಾಯೋ ರಾಜ್ಯ 150ರ ಬದಲಿಗೆ ಪದವಿ, ಎರಡು ವರ್ಷದ ಅನುಭವ ಮತ್ತು ಪರೀಕ್ಷೆ ಎಂಬ ಇನ್ನೊಂದು ದಾರಿಗೆ ಕಾನೂನು ತಂದಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ‘ಇನ್ನು ಹೆಚ್ಚಿನ ಓದು ಬೇಡ’ ಎಂದು ಇದನ್ನು ಅರ್ಥೈಸುವವರಿದ್ದಾರೆ. ಅಲ್ಲಿ ಪದವಿ ಎಂದರೆ ನಾಲ್ಕು ವರ್ಷದ ಪದವಿ ಎಂಬುದನ್ನು ಮರೆಯಬಾರದು. ನಮ್ಮ ಮೂರು ವರ್ಷದ ಪದವಿಯವರ ಕೊರತೆ ಇದರಿಂದ ತಾನಾಗಿ ತುಂಬುವುದಿಲ್ಲ.

ಕೊರತೆ ತುಂಬುವ ದಾರಿ ಮನೆಯ ಹತ್ತಿರವೇ ಇದೆ. 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ನಾಸಿಕ್‌ನಲ್ಲಿದೆ. ಕೆಲಸ ಬಿಡದೆ ಓದುವವರಿಗಾಗಿಯೇ ಹುಟ್ಟಿದ ಸಂಸ್ಥೆ ಇದು. ಸಂಭಾಜಿನಗರದವರಿಗೆ 1958ರಲ್ಲಿ ಆರಂಭವಾದ ಮರಾಠವಾಡಾ ವಿಶ್ವವಿದ್ಯಾಲಯ, ಅಂದರೆ ಇಂದಿನ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯವಿದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಕೂಡ ಅನುಮತಿ ನೀಡಿದೆ. ಆದರೂ ಅಂಚೆ ಶಿಕ್ಷಣದ ವಿಷಯದಲ್ಲಿ ಎಚ್ಚರ ಅಗತ್ಯ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಅಂಚೆಯ ಮೂಲಕ ನೀಡಿದ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಅಮಾನತಿನಲ್ಲಿಟ್ಟಾಗ, ದುಡಿಯುತ್ತಲೇ ಓದಿ ಬಡ್ತಿ ಪಡೆದವರು ಮತ್ತೆ ಪರೀಕ್ಷೆ ಬರೆಯಬೇಕಾದ ಪ್ರಸಂಗ ಬಂತು. ತಪ್ಪು ಸಂಸ್ಥೆಗಳದ್ದು, ದಂಡ ತೆತ್ತವರು ವಿದ್ಯಾರ್ಥಿಗಳು. ಆದುದರಿಂದ ಯುಜಿಸಿ ದೂರಶಿಕ್ಷಣ ವಿಭಾಗದ ಆಯಾ ವರ್ಷದ ಮಾನ್ಯತಾ ಪಟ್ಟಿಯನ್ನು ನೋಡದೆ ಯಾರೂ ಶುಲ್ಕ ಕಟ್ಟಬಾರದು.

ಕ್ರಮವೂ ಮುಖ್ಯ. ಮೊದಲು ಯಾವ ರಾಜ್ಯದ ಲೈಸೆನ್ಸ್ ಎಂಬುದನ್ನು ನಿಶ್ಚಯಿಸಬೇಕು. ನಂತರ ಆ ರಾಜ್ಯ ಒಪ್ಪುವ ಸಂಸ್ಥೆಯಿಂದ ತಮ್ಮ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕು. ಎಷ್ಟು ಕ್ರೆಡಿಟ್ ಕಡಿಮೆ, ಯಾವ ವಿಷಯದಲ್ಲಿ ಕಡಿಮೆ ಎಂದು ಲಿಖಿತವಾಗಿ ತಿಳಿದ ಮೇಲೆಯೇ ಎಂ.ಕಾಂ. ಅಥವಾ ಬೇರೆ ಕೋರ್ಸಿಗೆ ಸೇರಬೇಕು. ಅನುಭವದ ಪತ್ರಕ್ಕೆ ಅನೇಕ ರಾಜ್ಯಗಳಲ್ಲಿ ಲೈಸೆನ್ಸ್ ಇರುವ ಸಿಪಿಎ ಒಬ್ಬರ ಸಹಿ ಬೇಕು. ಅಂಥವರು ತಮ್ಮ ಕಚೇರಿಯಲ್ಲಿ ಇದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಲೇಸು. ಸಿಪಿಎ ಆದ ಮಾತ್ರಕ್ಕೆ ಇಲ್ಲಿನ ಕಂಪನಿಗಳ ಲೆಕ್ಕ ಪರಿಶೋಧನೆಗೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ, ಅದು ಚಾರ್ಟರ್ಡ್ ಅಕೌಂಟೆಂಟರದ್ದು ಎಂಬುದೂ ತಿಳಿದಿರಲಿ. ವಿದೇಶಿ ಕಂಪನಿಗಳ ಕೆಲಸ ಮಾಡುವವರಿಗೆ ಇದು ಉಪಯುಕ್ತ, ಎಲ್ಲರಿಗೂ ಅಲ್ಲ.

ಇಷ್ಟೆಲ್ಲ ವಿಷಯವನ್ನು ಎಂಟು ಗಂಟೆ ದುಡಿದು ಬಂದ ಇಪ್ಪತ್ತೈದರ ಹುಡುಗಿ ಒಬ್ಬಳೇ ತಿಳಿಯುವುದು ಸುಲಭವಲ್ಲ. ಆಕೆಗೆ ಮೊದಲು ಸಿಗುವುದು ಕೋಚಿಂಗ್ ಕ್ಲಾಸಿನ ಜಾಹೀರಾತು ಮತ್ತು ಸಾಲದ ಅರ್ಜಿ. ನಮ್ಮ ಸಂಘಗಳ ಹೊಣೆ ಇರುವುದು ಇಲ್ಲಿಯೇ. ಹತ್ತನೇ ಹನ್ನೆರಡನೇ ತರಗತಿಯ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ನೀಡುವುದು ಶ್ಲಾಘನೀಯ. ಆದರೆ ನೌಕರಿ ಸೇರಿದ ಮೇಲೆ ಓದುವವರನ್ನು ಯಾವ ವೇದಿಕೆಯೂ ಕರೆಯುವುದಿಲ್ಲ. ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ. ತಿಂಗಳಿಗೊಂದು ಭಾನುವಾರ ಇವರು ಎರಡು ಗಂಟೆ ಮೀಸಲಿಟ್ಟು ತರುಣರ ಕಾಗದಪತ್ರ ನೋಡಿ ಸಲಹೆ ನೀಡಬಹುದು. ವಿದ್ಯಾರ್ಥಿ ವೇತನದ ನಿಧಿಯಿಂದ ಮೌಲ್ಯಮಾಪನದ ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲ ನೀಡಬಹುದು. ವಾರದ ಉಳಿದ ದಿನ ಬೀಗ ಹಾಕಿರುವ ಸಭಾಭವನದ ಒಂದು ಕೋಣೆಯನ್ನು ಸಂಜೆ ಏಳರಿಂದ ಹತ್ತರವರೆಗೆ ಓದಲು ತೆರೆದಿಡಬಹುದು.

ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರು ಶ್ರೀಮಂತರಾಗಿರಲಿಲ್ಲ. ದುಡಿಯುವ ಹುಡುಗನಿಗೆ ದೀಪದ ಬೆಳಕಿರುವ ಒಂದು ಜಾಗ ಬೇಕು ಎಂಬಷ್ಟೇ ಅವರಿಗೆ ಗೊತ್ತಿತ್ತು. ಇಂದಿಗೂ ಬೇಕಾಗಿರುವುದು ಅಷ್ಟೇ. ಮುಂಬರುವ ವಾರ್ಷಿಕ ಮಹಾಸಭೆಗಳಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲಿ.